ಗಾಯದ ವಯಸ್ಸು

ಮೊದಲ ಮೂರು ತಿಂಗಳು ಮುನೆವೆರಾ ನನಗೆ ಒಂದು ಮುಖವನ್ನೂ ಕೊಡಲಿಲ್ಲ.
ಸ್ಪಂಜು ತೊಳೆ ಅಂದಳು. ಬ್ರಷ್ಷು ತೊಳೆ ಅಂದಳು.
ಬಲೆಬಟ್ಟೆಯ ಮೇಲೆ ಒಂದೊಂದೇ ಕೂದಲು ಗಂಟು ಹಾಕಿ
ಒಂದು ಮೀಸೆ ಮುಗಿಸು ಅಂದಳು.
ಮೀಸೆ ಮುಗಿಯುವ ಹೊತ್ತಿಗೆ
ಸರಾಯೆವೊದ ಗುಡ್ಡಗಳಲ್ಲಿ ಹಿಮ ಕರಗಿತ್ತು.
ಬೆಳಕಿಗೆ ಹಿಡಿದು ನೋಡಿ, "ಬೆಕ್ಕಿಗಾದೀತು" ಅಂದಳು.

ಆಮೇಲೆ ಗಾಯ.
ತನ್ನದೇ ತೋಳು ಮೇಜಿನ ಮೇಲೆ ಚಾಚಿ ಕೂತಳು.
"ಬಣ್ಣ ಕಲಸುವ ಮೊದಲು ಕೇಳು, ಇದಾಗಿ ಎಷ್ಟು ದಿನ?
ಇವತ್ತಿನದಾದರೆ ಕೆಂಪು.
ಮೂರನೇ ದಿನಕ್ಕೆ ನೇರಳೆ, ಅಂಚಲ್ಲಿ ನೀಲಿ.
ವಾರಕ್ಕೆ ಹಸಿರು, ಆಮೇಲೆ ಹಳದಿ,
ಹೊಗೆ ಕುಡಿದ ಸುಣ್ಣದ ಗೋಡೆಯ ಹಾಗೆ.
ದಿನ ಕೇಳದೆ ಬಳಿದರೆ ಅದು ಗಾಯವಲ್ಲ ಹುಡುಗಿ,
ಬರೀ ಜಾಮು."

ನಾನು ಯುದ್ಧ ಮುಗಿದು ಎಂಟು ವರ್ಷಕ್ಕೆ ಹುಟ್ಟಿದವಳು.
ಶಾಲೆಯ ದಾರಿಯ ಗೋಡೆಗಳಲ್ಲಿ ಗುಂಡಿನ ತೂತುಗಳಿದ್ದವು,
ನಮಗೆ ಅವು ಚೂಯಿಂಗ್ ಗಮ್ ಅಂಟಿಸುವ ಜಾಗ.

ಝೆನಿತ್ಸಾಕ್ಕೆ ಸಿನಿಮಾ ಬಂತು.
ಕೆಲಸ ನಿಂತ ಉಕ್ಕಿನ ಶೆಡ್ಡು, ಬೆಳಗಿನ ನಾಲ್ಕು ಗಂಟೆ,
ನೂರಿಪ್ಪತ್ತು ಜನ ಗುಂಪಿನ ಪಾತ್ರದವರು
ಪೇಪರ್ ಲೋಟದ ಕಾಫಿ ಊದುತ್ತ ಸಾಲು ನಿಂತಿದ್ದರು.
ಬಲ್ಬುಗಳ ಕಾವಿಗೆ ಸ್ಪಿರಿಟ್ ಗಮ್ಮಿನ ವಾಸನೆ ಗಂಟಲಿಗೆ ಇಳಿಯುತ್ತಿತ್ತು.

ನನ್ನ ಕುರ್ಚಿಗೆ ಬಂದವನು ನೆಜಾದ್.
ಬಸ್ಸು ಓಡಿಸಿ ನಿವೃತ್ತನಾದವನು.
ಎಡಗಿವಿಯಿಂದ ಕಾಲರಿನವರೆಗೆ ಸುಟ್ಟ ಕಲೆ,
ಕಾದ ಹಾಲಿನ ಕೆನೆಯನ್ನು ಚಮಚದಿಂದ ಸರಿಸಿದ ಹಾಗೆ
ಒಂದೆಡೆ ಮಡಿಕೆಬಿದ್ದ ಚರ್ಮ.

ನಿರ್ದೇಶಕ ದೂರದೇಶದವನು. ಕಲೆ ನೋಡಿ ಎದೆಗೆ ಕೈ ಇಟ್ಟುಕೊಂಡ.
"ಇದು ನಿಜ" ಅಂದ. "ಇದು ನಿಮ್ಮ ದೇಶದ ಚರಿತ್ರೆ."
ನೆಜಾದ್ ತಲೆಯಾಡಿಸಿದ.
ಮಾನಿಟರ್ ನೋಡಿ ಬಂದು ನಿರ್ದೇಶಕನೇ ಹೇಳಿದ,
"ಕ್ಯಾಮೆರಾಗೆ ಸಾಲದು.
ಇನ್ನೂ ಸ್ವಲ್ಪ ನಿಜ ಮಾಡಿ."

ಕಲಿಸಿದಂತೆ ಕೇಳಿದೆ, "ಇದಾಗಿ ಎಷ್ಟು ದಿನ?"
"ಐವತ್ತೆಂಟು ವರ್ಷ."
ಬೆರಳು ಮಡಚಿ ಲೆಕ್ಕ ಹಾಕಿದೆ, ಲೆಕ್ಕ ಯುದ್ಧಕ್ಕೆ ಕೂಡಲಿಲ್ಲ.
ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ:
"ಅಜ್ಜಿ ಅಂಗಳದಲ್ಲಿ ಪ್ಲಮ್ ಹಣ್ಣಿನ ಜಾಮು ಕುದಿಸುತ್ತಿದ್ದಳು.
ನನಗೆ ನಾಲ್ಕು. ಬೆರಳದ್ದಿ ನೆಕ್ಕೋಣ ಅಂತ
ಕೊಪ್ಪರಿಗೆ ಎಳೆದೆ.
ಅವರಿಗೆ ಹೇಳಬೇಡ ಮಗಳೇ,
ಇದಕ್ಕೇ ಅಂತ ದಿನಕ್ಕೆ ಐವತ್ತು ಮಾರ್ಕು ಹೆಚ್ಚು ಕೊಡುತ್ತಾರೆ."

ನಕ್ಕೆ. ಅವನೂ ನಕ್ಕ. ಅಂಟು ಹಚ್ಚುತ್ತ
ಸುಮ್ಮನಿರಲಾರದೆ ಕೇಳಿಬಿಟ್ಟೆ, "ಹಾಗಾದರೆ ಯುದ್ಧದಲ್ಲಿ?"
"ಯುದ್ಧದಲ್ಲಿ ನನಗೇನೂ ಆಗಲಿಲ್ಲ. ಒಂದು ಗೀರು ಕೂಡ ಇಲ್ಲ."
ಒಂದಿಷ್ಟು ಹೊತ್ತು ಬಿಟ್ಟು,
"ತಮ್ಮ ಇದ್ದ" ಅಂದ.
ನನ್ನ ಬೆರಳ ಕೆಳಗೆ ದವಡೆ ಬಿಗಿಯಿತು.
ಅಂಟು ಒಣಗುತ್ತಿತ್ತು.
"ಅಲ್ಲಾಡಬೇಡಿ" ಅಂದೆ.
ಬೇರೇನು ಅನ್ನಬೇಕೋ ನನಗಿನ್ನೂ ಯಾರೂ ಕಲಿಸಿರಲಿಲ್ಲ.

ಅವತ್ತು ನಾಲ್ಕು ಸಲ ಸತ್ತ ನೆಜಾದ್.
ಎರಡು ಸಲ ಚೆನ್ನಾಗಿ ಸತ್ತ.
ಮೂರನೆಯದರಲ್ಲಿ ಸೀನು ಬಂತು.

ಸಂಜೆ ಎಣ್ಣೆಯಲ್ಲಿ ಹತ್ತಿ ಅದ್ದಿ ಅಂಚಿನಿಂದ ಬಿಡಿಸಿದೆ.
ಜೆಲಾಟಿನ್ ಗಾಯ ಹಣ್ಣಿನ ಸಿಪ್ಪೆಯಂತೆ ಅಂಗೈಗೆ ಬಂತು.
ಕೆಳಗಿದ್ದುದು ಇದ್ದಲ್ಲೇ ಇತ್ತು.
ಕನ್ನಡಿಗೆ ಬಗ್ಗಿ ಕೆನ್ನೆ ಸವರಿಕೊಂಡು,
"ಇಷ್ಟೇನಾ?" ಅಂದ, ಮೊದಲ ಸಲ ನೋಡುವವನ ಹಾಗೆ.

ಪೆಟ್ಟಿಗೆ ಕಟ್ಟುತ್ತ ಮುನೆವೆರಾ ಗೊಣಗಿದಳು,
"ಮೂರನೇ ದಿನ ಅಂತ ಮಾಡಿದೆಯಲ್ಲ,
ನೇರಳೆ ಅತಿಯಾಯಿತು. ದೂರದಿಂದ ಜಾಮಿನ ಹಾಗೆ ಕಾಣುತ್ತಿತ್ತು."
ನಾನು ಬಾಯಿ ಬಿಡಲಿಲ್ಲ.

ಮರುದಿನ ನಾಲ್ಕಕ್ಕೆ ನನ್ನ ಕನ್ನಡಿಯ ಮುಂದೆ ಒಂದು ಸೀಸೆ,
ಬಟ್ಟೆಯ ಮುಚ್ಚಳ, ದಾರದ ಗಂಟು.
ಮುನೆವೆರಾ ಕೇಳದೆಯೇ ಬಿಚ್ಚಿ
ಬ್ರೆಡ್ಡಿಗೆ ಬಳಿದುಕೊಂಡಳು, ತೆಳ್ಳಗೆ,
ಅಂಚು ಗೊತ್ತಾಗದಂತೆ.
ಬಲ್ಬಿಗೆ ಹಿಡಿದು ತಿರುಗಿಸಿ ನೋಡಿ,
"ಇದು ನೋಡು ಬಣ್ಣ" ಅಂದಳು, ಬಾಯಿ ತುಂಬ.
"ಇದು ಮೂರನೇ ದಿನ."