ಎಣಿಸಬಾರದ ಕಂಬಗಳು

ಒಂಬತ್ತಕ್ಕೆ ಗಫ್ಸಾದಿಂದ ಶಾಲೆಯ ಬಸ್ಸು.
ಇಳಿದವರು ನಲವತ್ತು ಮಕ್ಕಳು, ಒಬ್ಬ ಮೇಷ್ಟ್ರು,
ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡ ರಬೀಹಾ.
ನಾನು ಲಮ್ಜದ್, ಕೈರುವಾನಿನ ಗೈಡು,
ಎದೆಗೆ ಬಿಲ್ಲೆ, ಜೇಬಿನಲ್ಲಿ ಕಣ್ಣಿನ ಹನಿ.

ಮಸೀದಿಯಲ್ಲಿ ಹೇಳಿದೆ, ದಿನಾ ಹೇಳುವುದನ್ನೇ:
ಈ ಕಂಬಗಳು ಇಲ್ಲಿ ಹುಟ್ಟಿದವಲ್ಲ,
ರೋಮಿನವರು ಬಿಟ್ಟುಹೋದ ಪಾಳುಗಳಿಂದ ಹೊತ್ತು ತಂದವು.
ಮದುವೆಗೆಂದು ಹತ್ತು ಮನೆಯಿಂದ
ಎರವಲು ತಂದ ಕುರ್ಚಿಗಳ ಹಾಗೆ
ಒಂದರಂತೆ ಒಂದಿಲ್ಲ.
ಕುಳ್ಳಗಿದ್ದದ್ದರ ಕಾಲಡಿಗೆ ಕಲ್ಲು ಕೊಟ್ಟಿದ್ದಾರೆ;
ಸೂರು ಮಾತ್ರ ಮಟ್ಟಸ.
ಎಣಿಸಬೇಡಿ ಮಕ್ಕಳೇ,
ಎಣಿಸಿದವರ ಕಣ್ಣು ಹೋಗುತ್ತದಂತೆ.

ಅವರಾಗಲೇ ಮೂವತ್ತೆರಡಕ್ಕೆ ಬಂದಿದ್ದರು.

ಮಧ್ಯಾಹ್ನ ಬರೂತಾ ಬಾವಿ.
ಮಹಡಿಯ ಮೇಲೆ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ಒಂಟೆ
ಸುತ್ತುತ್ತದೆ, ಸುತ್ತುತ್ತದೆ,
ಮರದ ಗಾಲಿ ನರಳಿ ನೀರು ಕೊಡುತ್ತದೆ.
"ತಾನು ಮಹಡಿಯಲ್ಲಿದ್ದೇನೆ ಅಂತ ಅದಕ್ಕೆ ಗೊತ್ತಾ?"
ಕೇಳಿದಳು ರಬೀಹಾ.
ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಮೇಷ್ಟ್ರ ಮುಖ ನೋಡಿದೆ. ಅವರು ಗಡಿಯಾರ ನೋಡಿಕೊಂಡರು.

ಆಮೇಲೆ ಮಕ್ರೂದ್ ಅಂಗಡಿ:
ಖರ್ಜೂರ ತುಂಬಿದ ರವೆಯ ತುಂಡು, ಬೆರಳಿಗೆಲ್ಲ ಪಾಕ.
ನಾನು ಮುಟ್ಟುವಂತಿಲ್ಲ.
ಸೂಸ್ ಊರಿನ ಡಾಕ್ಟರು ಹೇಳಿದ್ದಾರೆ,
ಕಣ್ಣೊಳಗೆ ರಕ್ತ ಜಿನುಗುತ್ತಿದೆ, ಸಕ್ಕರೆಯ ಕೆಲಸ.
ಅಮ್ಮ ಒಪ್ಪುವುದಿಲ್ಲ:
"ಏಳು ವರ್ಷದವನಿದ್ದಾಗ ಎಣಿಸಿದೆಯಲ್ಲ, ಅದೇ!"

ಎಣಿಸಿದ್ದು ನಿಜ.
ಇನ್ನೂರ ಹನ್ನೆರಡರಲ್ಲಿ ಯಾರೋ ಕರೆದರು, ಲೆಕ್ಕ ತಪ್ಪಿತು.

ಸಂಜೆ ಬಸ್ಸು ತಿರುಗುವಾಗ
ಕಿಟಕಿಯಿಂದ ಒಂದು ಪುಟ್ಟ ತಲೆ, ರಬೀಹಾಳದ್ದೇ ಇರಬೇಕು,
ಕೂಗಿ ಹೇಳಿತು ಒಂದು ಸಂಖ್ಯೆ.
ಇಂಜಿನ್ ಸದ್ದಿಗೆ ಕೇಳಿಸಲಿಲ್ಲ.
ಸರಿಯಾಗಿದೆ ಎಂದು
ಕೈ ಎತ್ತಿದೆ.