ಹನ್ನೆರಡರ ಕಂಬಿ

ಮೊದಲು ಕನ್ನಡಿ ಕಳಚಿದಳು.
"ಹಿಂದೆ ಬರುವವರನ್ನು ನೋಡಬೇಡವೇನೇ?" ಅಂದೆ.
"ಅಲ್ಲಿ ಹಿಂದಿನಿಂದ ಯಾರೂ ಬರುವುದಿಲ್ಲಮ್ಮ, ನೆಲ ಬರುತ್ತದೆ."
ಆಮೇಲೆ ಹೆಡ್‌ಲೈಟು, ಇಂಡಿಕೇಟರು, ನಂಬರ್ ಪ್ಲೇಟು.
ಮೈಮೇಲಿನ ಪ್ಲಾಸ್ಟಿಕ್ಕೆಲ್ಲ ಬಿಚ್ಚಿ ಗೋಡೆಗೆ ಒರಗಿಸಿದಾಗ
ಆರುನೂರು ಸಿಸಿಯ ಆ ಪ್ರಾಣಿ
ಉಣ್ಣೆ ಕತ್ತರಿಸಿದ ಕುರಿಯ ಹಾಗೆ
ಗ್ಯಾರೇಜಿನ ನಡುವೆ ನಾಚಿ ನಿಂತಿತು.

ಗ್ದೀನ್ಯಾದ ಫೆಬ್ರವರಿ. ಸಮುದ್ರದ ಗಾಳಿ
ಕದದ ಸಂದಿಯಲ್ಲಿ ಚಾಕು ಮಸೆಯುತ್ತಿತ್ತು.
ಇಪ್ಪತ್ತಾರು ವರ್ಷ ಹಡಗುಕಟ್ಟೆಯಲ್ಲಿ
ಕಬ್ಬಿಣಕ್ಕೆ ಕಬ್ಬಿಣ ಬೆಸೆದವಳು ನಾನು, ಬೋಗುಮೀವಾ.
ನಾನು ಮುಚ್ಚಿದ ಸೀಳಿನಿಂದ
ಇವತ್ತಿನವರೆಗೆ ಒಂದು ಹನಿ ಒಳಗೆ ಬಂದಿಲ್ಲ.
ಅದಕ್ಕೇ ಕಲೀನಾ ನನ್ನ ಬಳಿ ಬಂದಳು.
"ಪ್ರೀತಿಗಲ್ಲ, ಅಗ್ಗ ಅಂತ" ಎಂದು ನಕ್ಕಳು.

ಟ್ಯಾಂಕಿಗೆ ಗುಂಡಿ ಬೇಕಂತೆ.
ಒಂದೂವರೆ ವರ್ಷ ಬೇಕರಿಯ ರಾತ್ರಿಪಾಳಿಯಲ್ಲಿ
ಪೋಂಚ್ಕಿ ಕರಿದು ಕೂಡಿಸಿದ ದುಡ್ಡಿನ ಟ್ಯಾಂಕು,
ಮಗುವಿನ ಹಣೆಯಷ್ಟು ನುಣುಪು.
ಅದರ ಮೇಲೆ ಅವಳು ಕೂರಬೇಕು,
ಕಾಲು ಹ್ಯಾಂಡಲಿನಾಚೆ ಚಾಚಿ.
ಪೆಟ್ರೋಲು ಬಸಿದು ಸುತ್ತಿಗೆ ಕೈಗೆ ಕೊಟ್ಟಳು. ಎತ್ತಿದೆ. ಇಳಿಸಲು ಮನಸ್ಸಾಗಲಿಲ್ಲ.
ಕಸಿದುಕೊಂಡು ತಾನೇ ಬಾರಿಸಿದಳು.
ಆ ಸದ್ದಿಗೆ ಮೇಲಿನ ಮನೆಯ ಪಾನ್ ಜ್ಬಿಲೂತ್
ಸೂಪಿನ ಚಮಚ ಹಿಡಿದೇ ಇಳಿದು ಬಂದರು.

ನಲವತ್ತಮೂರು ಹಲ್ಲಿನ ಚಕ್ರ ಹೋಗಿ ಅರವತ್ತು ಹಲ್ಲಿನದು ಬಂತು,
ಊಟದ ತಟ್ಟೆಯಷ್ಟಗಲ.
"ವೇಗ ಕೊಟ್ಟು, ಎತ್ತುವ ಬಲ ಕೊಳ್ಳುವುದು" ಎಂದು ಪಾಠ ಹೇಳಿದಳು
ಕ್ರೇನಿನ ನೆರಳಲ್ಲೇ ತಲೆ ನರೆತವಳಿಗೆ.
ಕಾಲಿನ ಬ್ರೇಕು ಎಡಗೈಗೆ ಏರಿ ಕ್ಲಚ್ಚಿನ ಕೆಳಗೆ ಕೂತಿತು:
ತೋರುಬೆರಳಿಗೆ ಹೋಗು, ನಡುಬೆರಳಿಗೆ ನಿಲ್ಲು.
ಇಡೀ ವಾರ ಊಟದ ಮೇಜಿನಂಚಿನಲ್ಲಿ
ಎರಡೇ ಬೆರಳು ಮಡಿಸುತ್ತ ಬಿಡಿಸುತ್ತ ಕೂತಳು.
ಸೂಪು ಆರಿತು.

ಇನ್ನು ಕಂಬಿ.
ಮುಂದಿನ ಗಾಲಿ ಆಕಾಶಕ್ಕೆ ಎದ್ದು
ಗಾಡಿ ಗಡಿಯಾರದ ಹನ್ನೆರಡಾದಾಗ
ಹಿಂದಕ್ಕೆ ಮಗುಚದಂತೆ ನೆಲಕ್ಕೆ ಊರುವ ಬಾಲ.
ಅವಳ ಗೆಳೆಯರು ಮೂವತ್ತೆರಡು ಮಿಲಿಮೀಟರಿನ ಕೊಳವೆ ಸಾಕೆಂದರು.
ನಾನು ನಲವತ್ತರದು ತಂದೆ.
"ಭಾರ" ಎಂದು ಗೊಣಗಿದಳು.
"ಇರಲಿ."
ಮುಖವಾಡ ಇಳಿಸಿಕೊಂಡೆ. ಒಳಗೆ ಕತ್ತಲೆ, ಒಂದೇ ನಕ್ಷತ್ರ.
ಅದರ ಹಿಂದೆ ಅತ್ತರೆ ಯಾರಿಗೂ ಕಾಣುವುದಿಲ್ಲ.
ಅತ್ತೆ ಎಂದು ನಾನು ಹೇಳುತ್ತಿಲ್ಲ.

ನೋಡಲು ಹೋಗುವವಳಲ್ಲ ನಾನು.
ಬೀಗ ಬಿದ್ದ ಮೀನು ಕಾರ್ಖಾನೆಯ ಅಂಗಳದಲ್ಲಿ
ಅವಳೂ ಕಡಲಕಾಗೆಗಳೂ ಏನು ಮಾಡುತ್ತಾರೋ ಮಾಡಲಿ.
ಭಾನುವಾರ ಸಂಜೆ ಅವಳು ಸ್ನಾನಕ್ಕೆ ಹೋದಾಗ
ಟಾರ್ಚು ಹಿಡಿದು ಗ್ಯಾರೇಜಿಗೆ ಇಳಿದು
ಕಂಬಿಯ ತುದಿಯ ಗೀರು ಓದುತ್ತೇನೆ.
ಉದ್ದ ಗೀರಾದರೆ, ಕಿಡಿ ಹಾರಿಸುತ್ತ ಎಳೆದಿದ್ದಾಳೆ.
ಕುಳಿಯಾದರೆ, ಧೊಪ್ಪನೆ ಕೂತಿದ್ದಾಳೆ.
ಎಡಕ್ಕೇ ಸವೆದಿದ್ದರೆ ಹೆದರಿದ್ದಾಳೆ,
ಆ ರಾತ್ರಿ ಅವಳಿಗೆ ಎರಡು ಮೊಟ್ಟೆ ಹೆಚ್ಚು.
ಮೇ, ಜೂನ್, ಜುಲೈ. ತುದಿ ತಿಕ್ಕಿದ ಬೆಳ್ಳಿಯಾಯಿತು.

ಆಗಸ್ಟಿನ ಒಂದು ಭಾನುವಾರ ಹೊಸ ಗೀರಿಲ್ಲ.
ಮುಂದಿನ ವಾರವೂ ಇಲ್ಲ.
"ಹೋಗಲಿಲ್ಲವಾ?"
"ಹೋಗಿದ್ದೆ. ಮಧ್ಯಾಹ್ನ ಪೂರ್ತಿ."
ತಲೆಗೆ ಟವೆಲು ಸುತ್ತಿ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಅಂದಳು:
"ನೆಲ ಮುಟ್ಟುವ ಮುಂಚೆ ಒಂದು ಜಾಗ ಇದೆಯಮ್ಮ.
ಅಲ್ಲಿ ಗಾಡಿಗೆ ತೂಕವೇ ಇಲ್ಲ."

ಇಳಿದು ಹೋಗಿ ಮತ್ತೆ ನೋಡಿದೆ.
ಉಜ್ಜುವ ನೆಲವಿಲ್ಲದೆ, ಉಪ್ಪುಗಾಳಿಗೆ,
ಕಂಬಿಯ ತುದಿಯಲ್ಲಿ ತುಕ್ಕಿನ ಮೊದಲ ಚುಕ್ಕೆ.
ಹೆಬ್ಬೆರಳಿಂದ ಒರೆಸಿದೆ, ಬೆರಳು ಕೆಂಪಾಯಿತು.
ಮೆಟ್ಟಿಲ ಬುಡದಿಂದಲೇ ಕೂಗಿದೆ:
ಇದಕ್ಕೆ ಯಾವ ಬಣ್ಣ ಬಳಿಯಲೇ, ಕಲೀನಾ?