ಹತ್ತು ನಿಮಿಷ

ನೋವು ಎಲ್ಲಿ? ಎಂಬ ಖಾಲಿ ಜಾಗದಲ್ಲಿ
ಹುಬ್ಬಳ್ಳಿಯ ಆಡಿಟರಮ್ಮ ಬರೆದಿದ್ದಾರೆ: ಸ್ಟ್ರೆಸ್ಸು.
ಮೈಯಲ್ಲಿ ಅದು ಎಲ್ಲಿರುತ್ತದೋ ನನಗೆ ಗೊತ್ತಿಲ್ಲ,
ಕೈಗೆ ಗೊತ್ತು.
ಕತ್ತಿನ ಬುಡ, ಬಲ ರಟ್ಟೆಯ ಹಿಂದೆ
ಗೇರುಬೀಜದಷ್ಟು ಗಂಟು.

ಗೋಡೆಯ ಮೇಲೆ ನನ್ನ ಸರ್ಟಿಫಿಕೇಟು:
ಶೇವಂತಿ ಹರಿಕಂತ್ರ, ಪಾಲಕ್ಕಾಡ್, ಇಪ್ಪತ್ತೊಂದು ದಿನ.
ಅದಕ್ಕೂ ಮೊದಲಿನ ಶಾಲೆ ತದಡಿಯ ದಕ್ಕೆ.
ಹರಿದ ಬಲೆ ಹರವಿಕೊಂಡು ಅಪ್ಪ ಹೇಳುತ್ತಿದ್ದ—
ಎಳೀಬೇಡ ಮಗಾ, ಎಳೆದ್ರೆ ಬಿಗೀತದೆ.
ಉಪ್ಪುನೀರು ಕುಡಿದ ಗಂಟು ಅದು.
ತುಸು ಒದ್ದೆ ಮಾಡು. ಉಗುರು ಬೇಡ,
ಬೆರಳ ಹೊಟ್ಟೆ ಇಟ್ಟು ಕೇಳು,
ಯಾವ ಕಡೆ ಹೋಗ್ತೆ ಅಂತ.

ಎಣ್ಣೆ ಬಿಸಿಯಿದೆ. ಕೇಳುತ್ತೇನೆ.
ಮೊದಲು ಮಾರ್ಚ್ ತಿಂಗಳು ಸಡಿಲುತ್ತದೆ,
ಆಮೇಲೆ ಯಾರದೋ ಫೋನು,
ಬೆನ್ನಹುರಿಯ ಪಕ್ಕ ಇಳಿಯುತ್ತ ಇಳಿಯುತ್ತ
ಒಂದು ಹಳೆಯ ಸಿಟ್ಟು.
ಪಾದಕ್ಕೆ ಬರುವಷ್ಟರಲ್ಲಿ ಗೊರಕೆ.
ಸಣ್ಣದಲ್ಲ, ಬೋಟಿನ ಇಂಜಿನ್ನು ಚಾಲೂ ಆದ ಹಾಗೆ.

ನಿದ್ದೆ ಹೋದವರನ್ನು ಹತ್ತು ನಿಮಿಷ ಎಬ್ಬಿಸಬಾರದು,
ಇಲ್ಲಿಯ ನಿಯಮ.
ಆ ಹತ್ತಕ್ಕೆ ಬಿಲ್ಲಿಲ್ಲ.
ಸ್ಟೂಲಿನ ಮೇಲೆ ಕೂರುತ್ತೇನೆ, ಚಪ್ಪಲಿ ಬಿಟ್ಟು,
ತಣ್ಣನೆ ನೆಲಕ್ಕೆ ಹಿಮ್ಮಡಿ ಕೊಟ್ಟು.
ಕಿಟಕಿಯಾಚೆ ಅಘನಾಶಿನಿಯ ಅಳಿವೆಯಲ್ಲಿ ಇಳಿತ.
ಬಳಚು ಹೆಕ್ಕುವವರು ಸೊಂಟ ಬಗ್ಗಿಸಿದ್ದಾರೆ,
ಅವರಲ್ಲಿ ಅಬ್ಬೆ ಯಾರೆಂದು
ಇಷ್ಟು ದೂರದಿಂದ ತಿಳಿಯುವುದಿಲ್ಲ.

ಅಂಗೈಯಲ್ಲಿ ಉಳಿದ ಎಣ್ಣೆಯನ್ನು
ಬಟ್ಟೆಗೆ ಒರೆಸದೆ
ನನ್ನ ಹೆಬ್ಬೆರಳ ಬುಡಕ್ಕೆ ಸವರುತ್ತೇನೆ.
ಅಲ್ಲೂ ಒಂದಿದೆ. ಎಳೆಯುವುದಿಲ್ಲ.

ಇನ್ನು ನಾಲ್ಕು ನಿಮಿಷ.
ಗೊರಕೆ ನಿಲ್ಲದಿರಲಿ, ತಾಯೇ.